ಬಾಯಲ್ಲಿ ಬರುತ್ತೆ, ಬರೆಯೋಕೆ ಬರಲ್ಲ

ಹಿರಿಯೂರಿನ ತಾಯಿಗೆ ನಮಸ್ಕಾರ.

ನಿಮ್ಮ ಮಗ ನಾಲ್ಕನೇ ಕ್ಲಾಸು. ಕೇಳಿದ್ದಕ್ಕೆಲ್ಲ ಬಾಯಲ್ಲಿ ಟಕ್ ಅಂತ ಉತ್ತರ ಹೇಳುತ್ತಾನೆ, ಆದರೆ ಬೋರ್ಡ್ ನೋಡಿ ಬರೆಯೋ ಹೊತ್ತಿಗೆ ಪೆನ್ಸಿಲ್ ಎಸೆಯುತ್ತಾನೆ, ಪಕ್ಕದವನಿಗೆ ಹೊಡೆಯುತ್ತಾನೆ ಅಂತ ಬರೆದಿದ್ದೀರಿ. ಮೇಷ್ಟ್ರು ‘ಹಟಮಾರಿ, ಟ್ಯೂಷನ್‌ಗೆ ಹಾಕಿ’ ಅಂದಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟು, ಮೆದುಳು ಚುರುಕು ಮಾಡಿ ಕಣ್ಣು ಕಟ್ಟಿಕೊಂಡೇ ಓದಿಸುತ್ತೇವೆ ಅನ್ನುವ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಕ್ಲಾಸಿಗೆ ಸೇರಿಸಲಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ನೋಡಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲು ಮಾಡಿದ್ದಾರೆ. ಮಗುವಿನ ಕೈಲಿ ಸುಳ್ಳು ಹೇಳಿಸುವ ವಿದ್ಯೆಗೆ ನಿಮ್ಮ ದುಡ್ಡು ಯಾಕೆ?

ಗಲಾಟೆ ಯಾವಾಗ ಶುರುವಾಗುತ್ತೆ ಅನ್ನೋದನ್ನ ನೀವೇ ಹೇಳಿದ್ದೀರಿ. ಬರೆಯುವಾಗ. ಆಟದಲ್ಲಿಲ್ಲ, ಊಟದಲ್ಲಿಲ್ಲ. ಹಾಗಾಗಿ ಇದು ಬರೀ ಹಟ ಅಂತ ನನಗೆ ಅನಿಸುವುದಿಲ್ಲ. ಬೋರ್ಡ್ ನೋಡಿ ಬರೆಯೋದು ನಮಗೆ ಒಂದೇ ಕೆಲಸ, ಆದರೆ ಆ ಮಗು ಮೇಲೆ ನೋಡಬೇಕು, ನೋಡಿದ್ದನ್ನು ಮನಸ್ಸಲ್ಲಿ ಹಿಡಿದುಕೊಳ್ಳಬೇಕು, ತಲೆ ಬಗ್ಗಿಸಿ ಗೆರೆ ಹುಡುಕಬೇಕು, ಒತ್ತಕ್ಷರ ಯಾವುದು ಅಂತ ನೆನೆಯಬೇಕು, ಅಷ್ಟರಲ್ಲಿ ಬೋರ್ಡ್ ಅಳಿಸಿ ಆಗಿರುತ್ತೆ. ಇದರಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತಾನೆ ಅಂತ ತಿಳಿಯದೆ ಟ್ಯೂಷನ್‌ಗೆ ಕಳಿಸಿದರೆ ಬೆಳಗಿನ ಕಷ್ಟವೇ ಸಂಜೆಗೂ ಬಂತು, ಅಷ್ಟೇ.

ಮೊದಲು ಕಣ್ಣು, ಕಿವಿ ತೋರಿಸಿ. ಎಷ್ಟೋ ಮಕ್ಕಳಿಗೆ ಬೋರ್ಡೇ ಸರಿಯಾಗಿ ಕಾಣುತ್ತಿರುವುದಿಲ್ಲ. ಅದು ಸರಿ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಡಿಇಐಸಿ’ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಎಲ್ಲಿದೆ ಅಂತ ಕೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದೊಳಗಿನ ಮಕ್ಕಳ ಬೆಳವಣಿಗೆ, ಕಲಿಕೆಯ ತೊಂದರೆಗಳನ್ನೂ ನೋಡುತ್ತಾರೆ. ಅಲ್ಲಿ ಆಗದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿ ಅಂತ ಕೇಳಿ, ಇಂಗ್ಲಿಷಲ್ಲಿ ತಡವರಿಸಿದ್ದನ್ನೇ ತೊಂದರೆ ಅಂದುಕೊಂಡುಬಿಡಬಾರದು, ಅಲ್ವಾ?

ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ತೊಡಕು, ಅಂತ ಬಂದರೆ ಹೆದರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಅದೂ ಒಂದು. ಪ್ರಮಾಣಪತ್ರ ಇದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಸಿಗುತ್ತದೆ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಅನ್ನುವ ವಿಶೇಷ ಶಿಕ್ಷಕರು ಇರುತ್ತಾರೆ, ಅವರನ್ನು ಹೋಗಿ ಕಾಣಿ.

ವರದಿ ಬರುವ ತನಕ ಸುಮ್ನೆ ಕೂರಬೇಕಿಲ್ಲ. ಒಂದು ವಾರ ಅವನು ಯಾವಾಗ ಸಿಡುಕಿದ, ಅದಕ್ಕೆ ಮುಂಚೆ ಏನು ನಡೆಯಿತು, ಆಮೇಲೆ ದೊಡ್ಡವರು ಏನು ಮಾಡಿದರು ಅಂತ ಚೀಟಿಯಲ್ಲಿ ಬರೆದಿಡಿ. ಪೆನ್ಸಿಲ್ ಎಸೆದಾಗಲೆಲ್ಲ ಹೊರಗೆ ನಿಲ್ಲಿಸಿದರೆ, ಎಸೆದರೆ ಬರೆಯೋದು ತಪ್ಪುತ್ತೆ ಅಂತ ಅವನು ಕಲಿತಿರಬಹುದು. ಆ ಚೀಟಿ ಹಿಡಿದು ಮೇಷ್ಟ್ರ ಹತ್ತಿರ ಹೋಗಿ. ಜಗಳಕ್ಕಲ್ಲ. ಮುಂದಿನ ಬೆಂಚು, ಹತ್ತು ಸಾಲಿನ ಬದಲು ಮೂರು ಸಾಲು, ಉಳಿದದ್ದಕ್ಕೆ ಜೆರಾಕ್ಸ್, ಉತ್ತರ ಬಾಯಲ್ಲಿ ಹೇಳಿದರೂ ಅಂಕ. ಸದ್ಯಕ್ಕೆ ಇಷ್ಟು ಮಾಡಿಕೊಡಿ ಅಂತ ಕೇಳಿ. ಶಾಲೆಯಲ್ಲಿ ಮೇಷ್ಟ್ರು ಮಕ್ಕಳಿಗೆ ಹೊಡೆಯೋದು, ಎಲ್ಲರೆದುರು ಹೀಯಾಳಿಸೋದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿಷಿದ್ಧ, ಅದು ನಡೆಯುತ್ತಿದ್ದರೆ ಮಾತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಬರೆದು ಕೊಡಿ.

ಪರೀಕ್ಷೆಯ ವರದಿ ಬಂದ ಮೇಲೆ ಮತ್ತೆ ಪತ್ರ ಹಾಕಿ.

– ಸಂ.