ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ

ಕೇರಳದೊಳಗೆ ಕನ್ನಡ ಹೈಸ್ಕೂಲು ಹೇಗೆ ನಡೆಯುತ್ತದೆ ಎಂದು ಕೇಳಿದ್ದೀರಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಆ ದಿನ ಅದು ಕೇರಳಕ್ಕೆ ಸೇರಿತು, ಸರಕಾರ ಬದಲಾಯಿತು. ಶಾಲೆ ಇದ್ದಲ್ಲೇ ಉಳಿಯಿತು, ಪಾಠದ ಭಾಷೆಯೂ.

ಬದಿಯಡ್ಕದ ಹತ್ತಿರದ ಪೆರಡಾಲ ನವಜೀವನ ಹೈಸ್ಕೂಲನ್ನೇ ನೋಡಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮಾಸ್ತರರಾಗಿದ್ದ ಶಾಲೆ ಅದು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡುತ್ತಲೇ ಅವರು ಕೇರಳದ ಮಕ್ಕಳಿಗೆ ಪಾಠ ಹೇಳಿದರು. ಹಾಗೆಂದು ಊರಿನ ಕೆಲಸ ಬಿಟ್ಟವರೂ ಅಲ್ಲ, ಪಂಚಾಯತ್ ಅಧ್ಯಕ್ಷರಾಗಿಯೂ ದುಡಿದರು. 2015ರಲ್ಲಿ ನೂರು ತುಂಬಿಸಿಯೇ ಹೋದರು.

ನಿಮ್ಮ ಕಡೆಯವರಿಗೆ ಅರ್ಥವಾಗದ್ದು ಇನ್ನೊಂದಿದೆ. ಇಲ್ಲಿನ ಮಕ್ಕಳು ಮನೆಯಲ್ಲಿ ಮಾತಾಡುವುದು ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ. ಪುಸ್ತಕದ ಕನ್ನಡ ಹೆಚ್ಚಿನವರಿಗೆ ಸಿಗುವುದು ಶಾಲೆಯಲ್ಲೇ. ಆದ್ದರಿಂದ ಕನ್ನಡ ಡಿವಿಷನ್ ಒಂದು ಮುಚ್ಚಿದರೆ, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದರೆ, ನಾವು ಬೀದಿಗಿಳಿಯುತ್ತೇವೆ. ಅತಿಯಾಯಿತು ಅನ್ನಿಸಬಹುದು, ಗಣಿತವನ್ನು ಅರ್ಥವಾಗದ ಭಾಷೆಯಲ್ಲಿ ಕೇಳಿ ನೋಡಿ, ಆಮೇಲೆ ಹೇಳಿ. ಆದರೆ ನಮ್ಮವರೇ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಕಳಿಸುವುದಕ್ಕೆ ಯಾರ ವಿರುದ್ಧ ಧರಣಿ ಕೂರುವುದು?

ಪಠ್ಯ ಕೇರಳದ್ದು. ವೈಕಂ ಸತ್ಯಾಗ್ರಹವನ್ನೂ ಶ್ರೀನಾರಾಯಣ ಗುರುಗಳನ್ನೂ ಕನ್ನಡದಲ್ಲೇ ಓದುತ್ತೇವೆ. ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ ಅಂತಲೇ ವರ್ಷ ಎಣಿಸುವುದು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಬರುತ್ತದೆ.

ಇನ್ನು ಕಲೋತ್ಸವ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ತರಗತಿ ಕೋಣೆಯೇ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಬೆಂಚು ಒತ್ತಿಟ್ಟು ನೆಲದಲ್ಲಿ ಕೂತ ಹುಡುಗರ ಮುಖಕ್ಕೆ ಬಣ್ಣ ಏರುತ್ತಿರುತ್ತದೆ, ಕಿರೀಟ ಕಟ್ಟುವಾಗ ಒಬ್ಬ ಅಳುತ್ತಾನೆ, ಇನ್ನೊಬ್ಬನ ತಾಯಿ ಸ್ಟ್ರಾ ಹಾಕಿ ನೀರು ಕುಡಿಸುತ್ತಾರೆ. ಬೇರೆ ಜಿಲ್ಲೆಗಳಿಂದಲೂ ತಂಡಗಳು ಬರುತ್ತವೆ. ಕನ್ನಡವೇ ಬಾರದ ಮಕ್ಕಳು ಅರ್ಥ, ಅಂದರೆ ಪಾತ್ರದ ಮಾತು, ಬಾಯಿಪಾಠ ಮಾಡಿ ರಂಗಸ್ಥಳದಲ್ಲಿ ಗರ್ಜಿಸುವುದನ್ನು ಕೇಳಿದರೆ, ಯಾವ ಭಾಷಾ ಚಳವಳಿಗೂ ಆಗದ್ದು ಇಲ್ಲಿ ಆಯಿತಲ್ಲ ಅನ್ನಿಸುತ್ತದೆ.

ಬರುವುದಾದರೆ ಉಪಜಿಲ್ಲಾ ಕಲೋತ್ಸವದ ಹೊತ್ತಿಗೆ ಬನ್ನಿ. ಯಕ್ಷಗಾನ ಬೆಳಿಗ್ಗೆ ಹತ್ತಕ್ಕೆ ಎಂದು ಬೋರ್ಡಿನಲ್ಲಿದ್ದರೂ, ಮಧ್ಯಾಹ್ನದ ಊಟ ಮುಗಿಸಿಕೊಂಡು ಬಂದರೆ ಸಾಕು.