ಪುಸ್ತಕ ಓದಿ ಮಗಳು ಕೆಟ್ಲೇನ್ರಿ?

ಪ್ರಶ್ನೆ: ಮಗಳು ಬಿಎ ಎರಡನೇ ವರ್ಷ ಅದಾಳ್ರಿ. ಕಾಲೇಜ್ ಲೈಬ್ರರಿಯಿಂದ ಕಾದಂಬರಿ, ವಚನದ ಪುಸ್ತಕ ತಂದು ರಾತ್ರಿ ಬಾಳೊತ್ತನಕ ಓದ್ತಾಳ. ಮೊದ್ಲು ಹೇಳಿದ್ದ ಕೇಳ್ಕೊಂಡ್ ಇದ್ದಾಕಿ ಈಗ ಗಂಡಸರ ಊಟ ಆದಮ್ಯಾಲೇ ನಾವ್ಯಾಕ ಉಣ್ಣಬೇಕು ಅಂತ ಕೇಳಾಕತ್ತಾಳ. ನಮ್ಮ ಮನಿಯವ್ರು ಪುಸ್ತಕ ತರೂದು ಬಂದ್ ಮಾಡಸು ಅಂತಾರ. ಏನ್ ಮಾಡ್ಲಿ?
– ಒಬ್ಬ ತಾಯಿ, ರೋಣ ತಾಲೂಕು

ಉತ್ತರ: ಬಂದ್ ಮಾಡಸಬ್ಯಾಡ್ರಿ ಅಕ್ಕಾರ. ಎಲ್ಲಾರ್ದೂ ಉಂಡಾದಮ್ಯಾಲ ನೀವು ಆರಿದ ರೊಟ್ಟಿ ಉಣ್ಣೂದ್ನ ಆಕಿ ಸಣ್ಣಾಕಿದ್ದಾಗಿಂದ ನೋಡ್ಯಾಳ, ಮನಸಿನ್ಯಾಗ ಏನೋ ಚುಚ್ಚತಿತ್ತು, ಹೇಳಾಕ ಮಾತು ಸಿಕ್ಕಿರಲಿಲ್ಲ, ಪುಸ್ತಕ ಆ ಮಾತು ಕೊಟ್ಟೈತಿ.

ನಮ್ಮ ಆಯಿಗೆ ಅಕ್ಷರ ಬರ್ತಿದ್ದಿಲ್ರಿ. ಶ್ರಾವಣದಾಗ ಗುಡಿಯೊಳಗ ಗದುಗಿನ ಭಾರತ ಹಚ್ಚತಿದ್ರು, ಒಬ್ರು ಓದವ್ರು, ಒಬ್ರು ಅರ್ಥ ಹೇಳವ್ರು, ಆಯಿ ಕಂಬಕ್ಕ ಆತು ಕುಂತು ಕೇಳಾಕಿ. ಕರ್ಣನ್ನ ಕುಲ ಹಿಡದು ಹೀಯಾಳಸೋ ಕಥಿ ಬಂದ ದಿನ ಸೆರಗಿನ್ಯಾಗ ಮಾರಿ ಮುಚ್ಚಿ ಅತ್ಲು. ಮನಿಗೆ ಬಂದಾಕಿನ, ದಿನಾ ಹೊರಗ ಕಟ್ಟಿ ಮ್ಯಾಲ ಉಣ್ಣತಿದ್ದ ನಮ್ಮ ಆಳಿನ ಹುಡುಗನ್ನ ಒಳಗ ಕರದು ನಮ್ಮ ಸಾಲಿನ್ಯಾಗ ಕುಂದರಿಸಿ ರೊಟ್ಟಿ ನೀಡಿದ್ಲು. ಅಜ್ಜ ಒಂದ್ ಮಾತೂ ಆಡ್ಲಿಲ್ಲ, ಮರುದಿನದಿಂದ ಆ ಹುಡುಗಂದು ಅದ ಜಾಗ ಆತು. ಇದ್ನ ನಾ ಕಣ್ಣಾರೆ ನೋಡೇನಿ, ಅದಕ್ಕ ಪುಸ್ತಕದಿಂದ ಏನಾಕ್ಕೈತಿ ಅಂತ ಯಾರರ ಅಂದ್ರ ನನಗ ತಡಕೊಳ್ಳಾಕ ಆಗೂದಿಲ್ಲ.

ಇನ್ನ ಮಗಳು ಓದೋ ವಚನದ ಮಾತು. ಒಂದ್ ಕಾಲಕ್ಕ ವಚನದ ತಾಡವಾಲಿ ಕಟ್ಟು ಎಷ್ಟೋ ಮನಿಯಾಗ ಅರಿವ್ಯಾಗ ಸುತ್ತಿ ಜಗಲಿ ಮ್ಯಾಲ ಇರ್ತಿದ್ವು, ವಿಭೂತಿ ಹಚ್ಚಿ ಪೂಜಾ ಮಾಡವ್ರು, ಬಿಚ್ಚಿ ಓದವ್ರು ಕಡಿಮಿ. ನಮ್ಮ ಧಾರವಾಡದಾಗ 1880ರಾಗ ಹುಟ್ಟಿದ ಫ.ಗು. ಹಳಕಟ್ಟಿಯವ್ರು ವಿಜಯಪುರದಾಗ ವಕೀಲಕಿ ಮಾಡ್ಕೋತ ಅಂಥಾ ಕಟ್ಟು ಹುಡುಕ್ಯಾಡಿ ಕೂಡಿಸಿ, 1923ರಾಗ ‘ವಚನಶಾಸ್ತ್ರ ಸಾರ’ ಅಚ್ಚಿಗೆ ತಂದ್ರು. ಪ್ರೆಸ್ ಸಲುವಾಗಿ ಇದ್ದ ಮನೀನ ಮಾರಿದ್ರು. ಅಂಥವ್ರು ಬಿಚ್ಚಿಟ್ಟದ್ದಕ್ಕ ಇವತ್ತು ರೋಣದ ಹುಡುಗಿ ಕೈಯಾಗ ಅಕ್ಕಮಹಾದೇವಿ ಬಂದಾಳ, ಅದ್ನ ನಾವ ತಿರುಗಿ ಕಟ್ಟಿ ಇಡೂದ?

ಮಗಳಿಗೆ ಒಂದ್ ಮಾತು ಹೇಳ್ರಿ: ಅಪ್ಪನ ಕೂಡ ಜಗಳ ಬ್ಯಾಡ, ರಾತ್ರಿ ಊಟ ಆದಮ್ಯಾಲ ದಿನಾ ಒಂದ್ ವಚನ ಗಟ್ಟಿಯಾಗಿ ಓದು, ಅವ್ರು ಕೇಳ್ಲಿ. ನೀವೂ ಪಾತ್ರಿ ತಿಕ್ಕೂದು ಬಿಟ್ಟು ಬಂದು ಕುಂದರ್ರಿ ಅಕ್ಕಾರ. ಅದಕ್ಕೂ ಮೊದ್ಲು, ಇವತ್ತ ರಾತ್ರಿನ, ಮಗಳ ಬಾಜೂಕ ನಿಮ್ಮ ತಾಟೂ ಹಾಕ್ಕೊಂಡು ಬಿಸಿ ರೊಟ್ಟಿ ಉಣ್ರಿ.