ಕಗ್ಗ ಬೆಳೆಯುವವನೂ ಪರಿಶೀಲಕನೇ

ಕಾರವಾರದ ನಿವೃತ್ತ ಪ್ರಾಧ್ಯಾಪಕರೊಬ್ಬರು ನಮ್ಮ ಮಾಸಪತ್ರಿಕೆಯ ಕಳೆದ ಸಂಚಿಕೆ ಓದಿ ಬೇಸರದಿಂದ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ಅವರ ಮಾತಿನ ತಿರುಳು ಇಷ್ಟು: ‘ಅಘನಾಶಿನಿ ನದಿಯ ಉಪ್ಪುನೀರಿನ ಗಜನಿ ಗದ್ದೆಗಳ ಬಗೆಗಿನ ಲೇಖನವನ್ನೂ ಹಾಲಕ್ಕಿ ಹಾಡುಗಳ ಬಗೆಗಿನ ಲೇಖನವನ್ನೂ ನೀವು ಸಂಶೋಧನೆಯೆಂದು ಅಚ್ಚು ಹಾಕಿದ್ದೀರಿ. ಸಂಶೋಧನೆ ತಜ್ಞರ ಪರಿಶೀಲನೆಗೆ ಒಳಗಾಗಬೇಕು, ಇಂಗ್ಲಿಷಿನಲ್ಲಿರಬೇಕು, ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಬರಬೇಕು. ಕನ್ನಡ ಮಾಸಪತ್ರಿಕೆಯಲ್ಲಿ ಬರುವುದು ಹೆಚ್ಚೆಂದರೆ ಮಾಹಿತಿ. ನಿಮ್ಮ ಓದುಗರು ತೋಟದವರು, ಮೀನು ಮಾರುವವರು, ಮನೆವಾರ್ತೆ ನೋಡುವವರು. ಅವರಿಗೆ ಅಡಿಕೆ ಧಾರಣೆ, ಯಕ್ಷಗಾನದ ಸುದ್ದಿ ಕೊಡಿ. ಸಂಶೋಧನೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಡಿ.’

ಪ್ರಾಧ್ಯಾಪಕರೇ, ನಿಮ್ಮ ಪತ್ರದಲ್ಲಿ ಒಪ್ಪತಕ್ಕ ಮಾತುಗಳಿವೆ. ಕನ್ನಡದಲ್ಲಿ ಬರುವ ಪ್ರಬಂಧಗಳಲ್ಲಿ ಹಲವು ಒಂದರಿಂದ ಒಂದು ನಕಲಾದವು, ಆಧಾರ ಹೇಳದವು, ಊಹೆಯನ್ನೇ ಸಿದ್ಧಾಂತವೆಂದು ಮಂಡಿಸುವವು. ಭೌತವಿಜ್ಞಾನಿ ತನ್ನ ಲೆಕ್ಕಾಚಾರವನ್ನು ಜಗತ್ತಿನ ಇನ್ನಿಬ್ಬರು ಮೂವರು ಬಲ್ಲವರಿಗೆ ತಲುಪಿಸಲು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಇದರಲ್ಲಿ ಜಗಳವಿಲ್ಲ.

ಆದರೆ ‘ನಿಮ್ಮ ಓದುಗರು’ ಎಂದು ಬರೆದಿರಲ್ಲ, ಅಲ್ಲಿಂದ ಮುಂದಕ್ಕೆ ನಾನು ನಿಮ್ಮ ಜೊತೆ ಬರಲಾರೆ. ನಮ್ಮ ಈ ಉತ್ತರ ಕನ್ನಡ ಜಿಲ್ಲೆಯ ನೆಲ, ನೀರು, ಮರ, ಮಾತು, ರೋಗಗಳ ಮೇಲೆ ನಡೆದ ಕೆಲಸವನ್ನು ಈ ಜಿಲ್ಲೆಯವರಿಗೆ ತಿಳಿಸುವುದು ಅವರಿಗೆ ಮಾಡುವ ಉಪಕಾರವೆಂದು ನೀವು ಎಣಿಸಿದ್ದೀರಿ. ನನ್ನ ನಂಬಿಕೆ ಬೇರೆ. ತಿಳಿಸದಿದ್ದರೆ ಆ ಸಂಶೋಧನೆಯೇ ಅರೆಬರೆಯಾಗಿ ಉಳಿಯುತ್ತದೆ, ಏಕೆಂದರೆ ಅದರ ತಪ್ಪು ಹಿಡಿಯಬಲ್ಲವರು ಇಲ್ಲಿದ್ದಾರೆ.

ನಿಮಗೆ ಬೇಸರ ತಂದ ಆ ಗಜನಿ ಲೇಖನವನ್ನೇ ನೋಡಿ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು ಗೊಬ್ಬರವಿಲ್ಲದೆ ಬೆಳೆಯುವ ಕಗ್ಗ ಭತ್ತ ಮಾಣಿಕಟ್ಟೆಯಂಥ ಕೆಲವೇ ಕಡೆ ಏಕೆ ಉಳಿಯಿತು ಎಂದು ಲೇಖಕ ಕೇಳಿದ್ದ. ಒಡ್ಡು ಒಡೆದು ಸಮುದ್ರದ ನೀರು ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುವುದೇ ಕಾರಣವೆಂದು ಬರೆದಿದ್ದ. ಸಂಚಿಕೆ ಹೊರಬಿದ್ದ ವಾರದಲ್ಲೇ ಕುಮಟಾ ಕಡೆಯ ರೈತರೊಬ್ಬರು ದೂರವಾಣಿ ಮಾಡಿದರು. ಒಡ್ಡು ಒಡೆದದ್ದು ನಿಜ, ಅದನ್ನು ಕಟ್ಟಲು ಮೊದಲಿನಂತೆ ಜನ ಏಕೆ ಕೂಡುತ್ತಿಲ್ಲ ಎಂಬುದನ್ನು ಕೇಳಬೇಕಿತ್ತು ಎಂದರು. ಸಿಗಡಿಯ ಆದಾಯ ಕಂಡ ಮೇಲೆ ಗದ್ದೆಯನ್ನು ಸಿಗಡಿ ಸಾಕಲು ಗುತ್ತಿಗೆಗೆ ಕೊಟ್ಟವನಿಗೆ ಒಡ್ಡಿನ ಚಿಂತೆ ಇಲ್ಲ. ಪಕ್ಕದವನೊಬ್ಬನೇ ಭತ್ತ ಬಿತ್ತಿದರೆ ಊರಿನ ಹಕ್ಕಿಗಳೆಲ್ಲ ಅವನ ಗದ್ದೆಗೇ ಬರುತ್ತವೆ. ಅವನೂ ಬಿಡುತ್ತಾನೆ. ಲೇಖಕ ಜಲವಿಜ್ಞಾನದ ಪ್ರಶ್ನೆ ಎಂದುಕೊಂಡದ್ದನ್ನು ಆ ರೈತ ಐದು ನಿಮಿಷದಲ್ಲಿ ಸಮಾಜವಿಜ್ಞಾನದ ಪ್ರಶ್ನೆಯಾಗಿ ಬದಲಿಸಿದರು. ದೂರದ ಯಾವ ಪರಿಶೀಲಕರಿಂದ ಈ ಮಾತು ಬರುತ್ತಿತ್ತು, ಹೇಳಿ. ಅವರು ಕೋಷ್ಟಕ ಸರಿಯಿದೆಯೇ ಎಂದು ನೋಡುತ್ತಿದ್ದರು, ಹಕ್ಕಿಯ ವಿಷಯ ಅವರಿಗೆ ಹೊಳೆಯುತ್ತಿರಲಿಲ್ಲ.

ತೋಟದವರಿಗೆ ಧಾರಣೆ ಸಾಕು ಎಂದಿರಿ. ಜಡಿಮಳೆಯಲ್ಲಿ ಕೊಳೆ ಹತ್ತಿ ಅಡಿಕೆ ಉದುರದಿರಲಿ ಎಂದು ನಮ್ಮ ಹಿರಿಯರು ಹುಲ್ಲಿನ ಕೊಟ್ಟೆ ಮಾಡಿ ಅಡಿಕೆಯ ಕೊನೆಗೆ, ಎಂದರೆ ಗೊಂಚಲಿಗೆ, ಕಟ್ಟುತ್ತಿದ್ದರು. ಆಗಿನ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಕುರಿತು 1910ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ರೋಗದ ಸೂಕ್ಷ್ಮಾಣು ನೀರಿನಲ್ಲಿ ಈಜಿ ಹರಡುವ ಜಾತಿಯದು. ಮಳೆಹನಿ ಕಾಯಿಗೆ ತಾಗದಂತೆ ಕಟ್ಟಿದ ಕೊಟ್ಟೆ ಹೇಗೆ ಕೆಲಸ ಮಾಡುತ್ತಿತ್ತೆಂಬುದು ಆಗ ಶಾಸ್ತ್ರಕ್ಕೂ ತಿಳಿಯಿತು. ಇಂದಿಗೂ ನಾವು ಹೊಡೆಯುವ ಮದ್ದು ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಹುಟ್ಟಿದ ಬಗೆಯೂ ಕೇಳತಕ್ಕದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡರು. ಪ್ರಯೋಗ ಮಾಡಿ 1885ರಲ್ಲಿ ಲೋಕಕ್ಕೆ ತಿಳಿಸಿದರು. ರೈತ ಕಳ್ಳನ ಕಾಟಕ್ಕೆ ಮಾಡಿದ್ದನ್ನು ವಿದ್ವಾಂಸ ಕಣ್ಣಿಟ್ಟು ನೋಡಿದ ಫಲ ಅದು.

ಈಗ ನಮ್ಮ ಅಂಗಳಕ್ಕೆ ಬನ್ನಿ. ದ್ರಾವಣ ಕಲಸಿದ ಮೇಲೆ ಅದರಲ್ಲಿ ಕಬ್ಬಿಣದ ಕತ್ತಿ ಅದ್ದಿ ನೋಡುವುದನ್ನು ಶಿರಸಿ ಸೀಮೆಯ ತೋಟಿಗರು ಬಲ್ಲರು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ತಾಮ್ರ ಕಬ್ಬಿಣದ ಮೇಲೆ ಕೂರುವ ಈ ಕ್ರಿಯೆ ಪ್ರೌಢಶಾಲೆಯ ರಸಾಯನವಿಜ್ಞಾನ. ಅದನ್ನು ಮಳೆಗಾಲದುದ್ದಕ್ಕೂ ಕೈಯಾರೆ ಮಾಡಿ ನೋಡುವ ಮನುಷ್ಯನಿಗೆ ಕೊಳೆರೋಗದ ಹೊಸ ಅಧ್ಯಯನ ಅರ್ಥವಾಗುವುದಿಲ್ಲವೆಂದು ತೀರ್ಮಾನಿಸಲು ನಮಗೆ ಏನು ಅಧಿಕಾರ? ಯಾವ ವರ್ಷ ಯಾವ ಇಳಿಜಾರಿನಿಂದ ಕೊಳೆ ಏರಿತು, ಮದ್ದು ಹೊಡೆದ ಎಷ್ಟು ದಿನಕ್ಕೆ ಮಳೆ ಅದನ್ನು ತೊಳೆಯಿತು ಎಂಬುದು ಮರ ಹತ್ತುವ ಕೊನೆಗೌಡನ ತಲೆಯಲ್ಲಿದೆ. ಆತನನ್ನು ಕೇಳುವ ಸಂಶೋಧನೆ ಆತನಿಗೆ ಉತ್ತರವನ್ನೂ ಕೊಡಬೇಕು.

ಮಂಗನ ಕಾಯಿಲೆಯ ಕತೆ ನಿಮಗೆ ಗೊತ್ತೇ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸಿಯಗಳು ಸಾಯತೊಡಗಿದವು, ಕಾಡಿಗೆ ಹೋದವರಿಗೂ ಜ್ವರ ಬಂತು. ಮಂಗನ ಸಾವೂ ಮನುಷ್ಯನ ಜ್ವರವೂ ಒಟ್ಟಿಗೆ ಬಂದದ್ದನ್ನು ಕಂಡು, ಭಾರತದಲ್ಲಿ ಎಂದೂ ಇಲ್ಲದ ಹಳದಿ ಜ್ವರ ಕಾಲಿಟ್ಟಿತೇ ಎಂದು ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ದಿಗಿಲುಬಿದ್ದರು. ಪರೀಕ್ಷಿಸಿದಾಗ ಅದು ಉಣುಗಿನಿಂದ (ಉಣ್ಣೆಯಿಂದ) ಹರಡುವ ಹೊಸದೇ ವೈರಾಣು. ಕಾಯಿಲೆಯ ಹೆಸರಿನಲ್ಲಿ ಕ್ಯಾಸನೂರು ಜಗತ್ತಿನ ವೈದ್ಯಗ್ರಂಥಗಳನ್ನೆಲ್ಲ ಸೇರಿತು. ಸರಿ. ಆದರೆ ಪಕ್ಕದ ಸಿದ್ದಾಪುರದಲ್ಲಿ ಇವತ್ತಿಗೂ ಕಾಯಿಲೆಯ ಮೊದಲ ಸುಳಿವು ಯಾವುದು? ಸೊಪ್ಪಿಗೆ, ದರಕಿನ ಒಣ ಎಲೆಗೆ ಬೆಟ್ಟಕ್ಕೆ ಹೋದವರು ಸತ್ತ ಮಂಗ ಕಂಡೆವೆಂದು ಬಂದು ಹೇಳುವುದು. ಆರೋಗ್ಯ ಇಲಾಖೆಯ ಇಡೀ ಕಾವಲು ಆ ಒಂದು ಮಾತಿನಿಂದ ಶುರುವಾಗುತ್ತದೆ. ಉಣುಗಿನ ಜೀವನಚಕ್ರ, ಯಾವ ತಿಂಗಳಲ್ಲಿ ಅದರ ಮರಿಗಳು ಹೆಚ್ಚು, ದನಗಳ ಪಾತ್ರವೇನು ಎಂಬುದನ್ನೆಲ್ಲ ಆ ಜನರಿಗೆ ಅವರ ಮಾತಿನಲ್ಲಿ, ವಾದ ಪ್ರತಿವಾದ ಸಹಿತ ಹೇಳಬೇಡವೇ? ‘ಕಾಡಿಗೆ ಹೋಗಬೇಡಿ, ಎಣ್ಣೆ ಹಚ್ಚಿಕೊಳ್ಳಿ’ ಎಂಬ ಕರಪತ್ರ ಸಾಕೇ?

ನಿಮ್ಮ ಕಾರವಾರದ್ದೇ ಒಂದು ಉದಾಹರಣೆ ಕೊಡುತ್ತೇನೆ. 1896ರಿಂದ ಮುಂಬಯಿ ನಿಸರ್ಗ ಇತಿಹಾಸ ಸಂಘದ ನಿಯತಕಾಲಿಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಲೇಖನಮಾಲೆಯೊಂದು ಬಂತು. ಬರೆದವರು ಮೂವರು: ಕಲೆಕ್ಟರ್ ಡೇವಿಡ್ಸನ್, ಅರಣ್ಯಾಧಿಕಾರಿ ಬೆಲ್, ಉಪ್ಪು ಮತ್ತು ಸುಂಕದ ಇಲಾಖೆಯ ಐಟ್ಕನ್. ಪ್ರಾಧ್ಯಾಪಕರು ಒಬ್ಬರೂ ಅಲ್ಲ. ಹುಳುಗಳನ್ನು ತಂದು ಸಾಕಿ, ಯಾವ ಹುಳು ಯಾವ ಎಲೆ ತಿನ್ನುತ್ತದೆ, ಹೇಗೆ ಗೂಡು ಕಟ್ಟುತ್ತದೆ ಎಂದು ಅವರು ದಾಖಲಿಸಿದ ರೀತಿ ಇಂದಿಗೂ ಮಾದರಿ. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ನೆಲೆಸಿ 1948ರಲ್ಲಿ ತೀರಿಕೊಂಡರು. ಅವರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ. ಆದರೆ ನಮ್ಮದೇ ಕಾಡಿನ ಆ ಚಿಟ್ಟೆಗಳ ಕತೆ ನಮ್ಮ ಶಾಲೆಗಳಿಗೆ ಬರಲಿಲ್ಲ. ಇಲ್ಲಿಯ ಮೇಷ್ಟ್ರುಗಳು, ಫಾರೆಸ್ಟ್ ಗಾರ್ಡುಗಳು ಅದನ್ನು ಕನ್ನಡದಲ್ಲಿ ಓದಿದ್ದರೆ ಮುಂದುವರಿಸುವವರು ಹತ್ತು ಜನ ಹುಟ್ಟುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದು ಹಳೆಯ ಕಾಲದ ಮಾತೂ ಅಲ್ಲ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಿಂದ, ಎಂದರೆ ರಾಮಪತ್ರೆ ಮರಗಳ ಜೌಗು ಕಾಡಿನಿಂದ, 2014ರಲ್ಲಿ ಕುಂಬಾರ ಕಪ್ಪೆ ವಿಜ್ಞಾನಕ್ಕೆ ಪರಿಚಯವಾಯಿತು. ಹೆಣ್ಣು ಇಟ್ಟ ಮೊಟ್ಟೆಗೆ ಗಂಡು ತನ್ನ ಮುಂಗಾಲುಗಳಿಂದ ಕೆಸರು ಮೆತ್ತುತ್ತದೆ. ಜಗತ್ತೇ ಬೆರಗಾದ ಈ ಸಂಗತಿ ಆ ಕಾಡಿನ ಅಂಚಿನ ಎಷ್ಟು ಮನೆಗಳಿಗೆ ತಲುಪಿದೆ? 2011ರಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಯರ ವಂಶವಾಹಿಗಳ ಅಧ್ಯಯನ ಪ್ರಕಟವಾಯಿತು. ಅವರ ಪೂರ್ವಜರು ಆಫ್ರಿಕಾದ ಬಂಟು ಜನರೆಂಬುದನ್ನೂ, ಇಲ್ಲಿಯವರ, ಪ್ರಾಯಶಃ ಯುರೋಪಿನವರ ರಕ್ತವೂ ಕಲೆತದ್ದನ್ನೂ ಅದು ತೋರಿಸಿತು. ಇತಿಹಾಸಕಾರರು ಪೋರ್ಚುಗೀಸರ ದಾಖಲೆಗಳಲ್ಲಿ ಹುಡುಕುತ್ತಿದ್ದುದಕ್ಕೆ ಪ್ರಯೋಗಾಲಯದಿಂದ ಸಾಕ್ಷ್ಯ ದೊರೆಯಿತು. ಯಲ್ಲಾಪುರದ ಸಿದ್ದಿ ಹುಡುಗಿಯೊಬ್ಬಳು ತನ್ನ ಅಜ್ಜನ ಅಜ್ಜ ಎಲ್ಲಿಂದ ಬಂದ ಎಂದು ಕೇಳಿದರೆ ಅವಳ ಕೈಗೆ ಕೊಡಲು ಕನ್ನಡದಲ್ಲಿ ಯಾವ ಲೇಖನವಿದೆ?

ಕನ್ನಡಕ್ಕೆ ಅಷ್ಟು ಕಸುವಿಲ್ಲ ಎಂಬ ಧ್ವನಿ ನಿಮ್ಮ ಪತ್ರದಲ್ಲಿದೆ. ಆ ಆಕ್ಷೇಪಕ್ಕೆ ನಾಲ್ಕು ಶತಮಾನಗಳ ಹಿಂದೆಯೇ ಉತ್ತರ ಸಿಕ್ಕಿದೆ, ಅದೂ ನಮ್ಮ ಸೋದೆಯ ಜೈನ ಮಠದ ಗುರುಪರಂಪರೆಯಿಂದ. 1604ರಲ್ಲಿ ಕನ್ನಡ ವ್ಯಾಕರಣ ರಚಿಸಿದ ಭಟ್ಟಾಕಳಂಕ, ಈ ಭಾಷೆ ಶಾಸ್ತ್ರಕ್ಕೆ ಒದಗದ್ದಲ್ಲ ಎಂದು ಸಾರಿ, ಆಗಲೇ ಕನ್ನಡದಲ್ಲಿದ್ದ ಶಾಸ್ತ್ರಗ್ರಂಥಗಳನ್ನು ತೋರಿಸಿದ. ಆತನೇ ಸಂಸ್ಕೃತದಲ್ಲಿ ಬರೆದನಲ್ಲ ಎಂದು ನೀವು ಕೇಳುವಿರಿ. ಕನ್ನಡವನ್ನು ಹಗುರವಾಗಿ ಕಂಡ ಪಂಡಿತರಿಗೆ ಅವರ ಮಾತಿನಲ್ಲೇ ಉತ್ತರ ಹೇಳಬೇಕಿತ್ತು, ಹೇಳಿದ. ನೀವು ಇಂಗ್ಲಿಷಿನಲ್ಲಿ ಬರೆಯುವುದನ್ನು ನಾನು ಆಕ್ಷೇಪಿಸದಿರುವುದೂ ಇದಕ್ಕೇ. ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರು ತಮ್ಮ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಐನ್‌ಸ್ಟೈನರಿಗೆ ಕಳಿಸಿದರು, ಐನ್‌ಸ್ಟೈನ್ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಅದೇ ಬೋಸರು 1948ರಲ್ಲಿ ಬಂಗಾಳಿಯಲ್ಲಿ ವಿಜ್ಞಾನ ಪರಿಷತ್ತು ಕಟ್ಟಿ ಬಂಗಾಳಿಯಲ್ಲೇ ವಿಜ್ಞಾನ ಪತ್ರಿಕೆ ಹೊರಡಿಸಿದರು. ಎರಡೂ ಕೆಲಸ ಒಬ್ಬ ಮನುಷ್ಯನಿಂದ ಆಗುತ್ತದೆ. ನಮ್ಮಲ್ಲಿ ಡಿ. ಎನ್. ಶಂಕರ ಭಟ್ಟರು ಹವ್ಯಕ ಆಡುಮಾತಿನ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು, ವಿದೇಶದ ವಿದ್ವಾಂಸರು ಓದುವ ಭಾಷಾವಿಜ್ಞಾನದ ಗ್ರಂಥಗಳನ್ನೂ ಬರೆದರು, ಕನ್ನಡದ ಬಗ್ಗೆ ಕನ್ನಡದಲ್ಲೇ ಸಾಲುಸಾಲು ಪುಸ್ತಕಗಳನ್ನೂ ಕೊಟ್ಟರು. ಕರ್ನಾಟಕ ಸಂಸ್ಕೃತಿಯ ಸಂಶೋಧನೆಯನ್ನು ಕನ್ನಡದಲ್ಲೇ ಮಾಡಿದ ಧಾರವಾಡದ ಶಾಲಾಮಾಸ್ತರ ಶಂ. ಬಾ. ಜೋಶಿಯವರಿಗೆ ವಿಶ್ವವಿದ್ಯಾಲಯದ ಪದವಿಯ ಬಲವೂ ಇರಲಿಲ್ಲ.

ಇಷ್ಟು ದೂರ ಹೋಗುವುದೂ ಬೇಡ. ಶಿರಸಿಯಿಂದ ಬಸ್ಸು ಹತ್ತಿ ಮುಂಡಗೋಡಕ್ಕೆ ಬನ್ನಿ. ದೇಶ ಕಳೆದುಕೊಂಡು ಬಂದ ಟಿಬೆಟಿಯನ್ನರು ಅಲ್ಲಿ ಡ್ರೆಪುಂಗ್, ಗಾಡೆನ್ ಮಠಗಳನ್ನು ಮರಳಿ ಕಟ್ಟಿದ್ದಾರೆ. ಸಂಜೆ ಅಂಗಳದಲ್ಲಿ ಕೈಚಪ್ಪಾಳೆ ತಟ್ಟುತ್ತ ತರ್ಕ ಮಾಡುವ ಭಿಕ್ಷುಗಳನ್ನು ನೋಡಲು ಪ್ರವಾಸಿಗರು ಹೋಗುತ್ತಾರೆ. ಅದೇ ಭಿಕ್ಷುಗಳು ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಕಲಿಯುತ್ತಾರೆಂಬುದು ಎಷ್ಟು ಜನರಿಗೆ ಗೊತ್ತು? ದಲೈ ಲಾಮಾ ಅವರ ಒತ್ತಾಸೆಯಿಂದ ಅಮೆರಿಕದ ಎಮರಿ ವಿಶ್ವವಿದ್ಯಾಲಯ ಪಠ್ಯಗಳನ್ನು ಸಿದ್ಧಪಡಿಸಿತು. ಟಿಬೆಟನ್ ಭಾಷೆಯಲ್ಲಿ ಇಲ್ಲದ ಪಾರಿಭಾಷಿಕ ಪದಗಳನ್ನು ವಿದ್ವಾಂಸರು ಕೂಡಿ ಹೊಸದಾಗಿ ಕಟ್ಟಿದರು. ಮನಸ್ಸು ಮತ್ತು ಮೆದುಳಿನ ಬಗ್ಗೆ ಜಗತ್ತಿನ ವಿಜ್ಞಾನಿಗಳೂ ಭಿಕ್ಷುಗಳೂ ಎದುರುಬದುರು ಕುಳಿತು ಚರ್ಚಿಸಿದ ದೊಡ್ಡ ಸಭೆ 2013ರ ಜನವರಿಯಲ್ಲಿ ಡ್ರೆಪುಂಗಿನಲ್ಲೇ ನಡೆಯಿತು. ಸ್ವಂತ ರಾಜ್ಯವಿಲ್ಲದ, ಸಂಖ್ಯೆಯಲ್ಲಿ ನಮಗಿಂತ ಎಷ್ಟೋ ಕಡಿಮೆಯಿರುವ ಜನ ನಮ್ಮದೇ ಜಿಲ್ಲೆಯಲ್ಲಿ ಕುಳಿತು ತಮ್ಮ ಭಾಷೆಯಲ್ಲಿ ಇಷ್ಟು ಮಾಡಿದ್ದಾರೆ. ನಮಗೆ ಸರ್ಕಾರವಿದೆ, ವಿಶ್ವವಿದ್ಯಾಲಯಗಳಿವೆ, ಕೋಟಿಗಟ್ಟಲೆ ಓದುಗರಿದ್ದಾರೆ. ಆದರೂ ಆಗದು ಎನ್ನುತ್ತೇವೆ.

ಆಗದಂತೆ ಮಾಡಿಟ್ಟಿರುವ ವ್ಯವಸ್ಥೆಯ ಬಗ್ಗೆಯೂ ಹೇಳಲೇಬೇಕು. ಬಡ್ತಿಗೆ ಬೇಕಾದ ಅಂಕಗಳಿಗಾಗಿ ಯುವ ಅಧ್ಯಾಪಕರು ದುಡ್ಡು ಕೊಟ್ಟರೆ ಕಣ್ಣುಮುಚ್ಚಿ ಅಚ್ಚು ಹಾಕುವ ನಿಯತಕಾಲಿಕಗಳಿಗೆ ಬರೆಯುತ್ತಾರೆ. ಅವು ಇಂಗ್ಲಿಷಿನಲ್ಲೇ ಇರುತ್ತವೆ, ಹೆಸರಿನಲ್ಲಿ ‘ಅಂತಾರಾಷ್ಟ್ರೀಯ’ ಎಂದೂ ಇರುತ್ತದೆ. ನಿಮ್ಮ ಅಳತೆಗೋಲಿಗೆ ಅದು ಸಂಶೋಧನೆ, ಹಾಲಕ್ಕಿ ಕೊಪ್ಪದಲ್ಲಿ ರಾತ್ರಿಗಟ್ಟಲೆ ಕುಳಿತು ಹಾಡು ಬರೆದುಕೊಂಡ ನಮ್ಮ ಲೇಖಕಿಯದು ಮಾಹಿತಿ. ಹಾಲಕ್ಕಿ ಹಾಡುಗಾರ್ತಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರಂಥವರ ನೆನಪಿನಲ್ಲಿರುವುದನ್ನು ಈಗ ಬರೆದುಕೊಳ್ಳದಿದ್ದರೆ ಮತ್ತೆ ಸಿಗದು, ಬಡ್ತಿಯ ಅಂಕ ಮುಂದಿನ ವರ್ಷವೂ ಸಿಗುತ್ತದೆ. ನಿಜವಾಗಿ ಒಳ್ಳೆಯ ನಿಯತಕಾಲಿಕಗಳ ಬಾಗಿಲು ತೆರೆಯಲು ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ನಿಯತಕಾಲಿಕಗಳು. ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಅದರಿಂದ ಅನುಕೂಲವಾಗುತ್ತದೆ, ಸಂತೋಷ. ಅಘನಾಶಿನಿಯ ಚಿಪ್ಪಿ ಹೆಕ್ಕುವವರ ಮೇಲೆ ಬರೆದ ಲೇಖನವನ್ನು ಅಘನಾಶಿನಿಯ ದಡದಲ್ಲಿ ಓದಲು ಮಾತ್ರ ಇನ್ನೂ ಹಣ ತೆರಬೇಕು. ಆ 6,000 ಕೋಟಿಯಲ್ಲಿ ಅವರ ತೆರಿಗೆಯೂ ಸೇರಿದೆ.

ಪ್ರಾಧ್ಯಾಪಕರೇ, ನಿಮ್ಮ ಕೈಬರಹದ ನಾಲ್ಕು ಪುಟದ ಪತ್ರದಲ್ಲಿ ಒಂದು ಸಡಿಲ ವಾಕ್ಯವಿಲ್ಲ. ಇಷ್ಟು ಬಿಗಿಯಾದ ಕನ್ನಡ ಬರೆಯಬಲ್ಲ ನೀವು, ಕಾಳಿ ನದಿಯ ಅಳಿವೆಯ ಚಿಪ್ಪುಜೀವಿಗಳ ಅಧ್ಯಯನದಲ್ಲೇ ಸೇವಾವಧಿ ಕಳೆದೆನೆಂದು ಅದೇ ಪತ್ರದಲ್ಲಿ ಹೇಳುವ ನೀವು, ಆ ವಿಷಯದ ಮೇಲೆ ಕನ್ನಡದಲ್ಲಿ ಒಂದು ಪುಟವನ್ನೂ ಬರೆಯದೆ ಉಳಿದದ್ದು ನನಗೆ ಸಂಕಟ ತಂದಿದೆ. ಹಿರಿಯರಾದ ನಿಮಗೆ ಹೀಗೆನ್ನಲು ಸಂಕೋಚವಿದೆ, ಆದರೂ ಹೇಳಬೇಕಾಗಿದೆ.

ಪರಿಶೀಲನೆ ಇಲ್ಲವೆಂಬ ನಿಮ್ಮ ದೂರಿಗೆ ನಮ್ಮ ಉತ್ತರ ಹೀಗಿದೆ. ಮುಂದಿನ ಸಂಚಿಕೆಯಿಂದ ಸಂಶೋಧನೆ ವಿಭಾಗದ ಪ್ರತಿ ಲೇಖನವನ್ನೂ ಅಚ್ಚಿಗೆ ಮೊದಲು ಇಬ್ಬರು ಓದುತ್ತಾರೆ. ಒಬ್ಬರು ಆ ಶಾಸ್ತ್ರ ಬಲ್ಲವರು, ಇನ್ನೊಬ್ಬರು ಆ ವಿಷಯದಲ್ಲೇ ಬದುಕು ಕಟ್ಟಿಕೊಂಡವರು. ಮೊದಲ ಲೇಖನ ನಿಮ್ಮದಾಗಬೇಕು. ಕಾಳಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಮೊದಲು ಎಲ್ಲೆಲ್ಲಿ ಸಿಗುತ್ತಿತ್ತು, ಈಗ ಎಲ್ಲಿ ಸಿಗುತ್ತದೆ, ಮರಳು ತೆಗೆದದ್ದರಿಂದ ಏನಾಯಿತು, ಅಣೆಕಟ್ಟಿನ ನೀರು ಬಿಡುವುದರಿಂದ ಉಪ್ಪಿನಂಶ ಹೇಗೆ ಏರಿಳಿಯುತ್ತದೆ ಎಂಬುದನ್ನು ಬರೆಯಿರಿ. ಅಂಕಿ ಅಂಶಗಳನ್ನೂ ಅಡಿಟಿಪ್ಪಣಿಗಳನ್ನೂ ಓದುಗರಿಗೆ ಕಷ್ಟವೆಂದು ಬಿಡಬೇಡಿ. ಕಡಲಜೀವಿಶಾಸ್ತ್ರ ಬಲ್ಲವರೊಬ್ಬರು ಅದನ್ನು ಓದುತ್ತಾರೆ. ಜೊತೆಗೆ ಸದಾಶಿವಗಡದ ಕಡೆ ಬಳಚು ಹೆಕ್ಕಿ ಮಾರುವ ಹೆಂಗಸೊಬ್ಬರಿಗೂ ಕಳಿಸುತ್ತೇವೆ. ಅವರಿಗೆ ಓದಲು ಬಾರದಿದ್ದರೆ ನಮ್ಮ ಉಪಸಂಪಾದಕಿ ಹೋಗಿ ಓದಿ ಹೇಳುತ್ತಾರೆ. ಅವರು ಒಪ್ಪದ ಮಾತುಗಳಿದ್ದರೆ ಅವನ್ನೂ ನಿಮ್ಮ ಲೇಖನದ ಕೆಳಗೇ, ಅದೇ ಅಕ್ಷರದ ಗಾತ್ರದಲ್ಲಿ, ಅಚ್ಚು ಹಾಕುತ್ತೇವೆ.